ಪಿಯುಸಿಯಲ್ಲಿ 97 ಬಂತು, ಬಿಎಸ್ಸಿಗೆ ಗಣಿತ ತಗೊಳ್ಳಲಾ?

ಪ್ರಶ್ನೆ: ಮೇಡಂ, ನಮ್ಮದು ನಾಪೋಕ್ಲು ಹತ್ತಿರ, ಸ್ವಲ್ಪ ಕಾಫಿ ತೋಟ ಇದೆ. ಈಗ ದ್ವಿತೀಯ ಪಿಯುಸಿ ಮುಗಿಯಿತು, ಗಣಿತದಲ್ಲಿ 97. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ್ದು. ಬಿಎಸ್ಸಿಯಲ್ಲಿ ಗಣಿತ ಓದಬೇಕು ಅಂತ ನನಗೆ ಆಸೆ. ಅಪ್ಪ ಇಂಜಿನಿಯರಿಂಗ್ ಸೇರು ಅನ್ನುತ್ತಾರೆ. ಮಾವ 'ಬಿಎಸ್ಸಿ ಮಾಡಿ ಟೀಚರ್ ಆಗೋದು ಬಿಟ್ಟರೆ ಇನ್ನೇನಿದೆ' ಅನ್ನುತ್ತಾರೆ. ಪಕ್ಕದ ಮನೆಯ ಅಕ್ಕ ಡಿಗ್ರಿ ಮೊದಲ ವರ್ಷದಲ್ಲಿ ಗಣಿತ ತಲೆಗೆ ಹತ್ತುತ್ತಿಲ್ಲ ಅಂತ ಅಳುತ್ತಿದ್ದರು, ಅವರಿಗೂ ಪಿಯುಸಿಯಲ್ಲಿ 95 ಬಂದಿತ್ತು. ಹಾಗಾದರೆ ನನ್ನ ಗತಿ ಏನು? ಮಡಿಕೇರಿಯಲ್ಲೇ ಓದಿದರೆ ಸಾಕಾ, ಮೈಸೂರು ಬೆಂಗಳೂರಿಗೆ ಹೋಗಲೇಬೇಕಾ?

ಉತ್ತರ: ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ಇಪ್ಪತ್ತಾರು ವರ್ಷ ನಿನ್ನ ವಯಸ್ಸಿನವರಿಗೇ ಪಾಠ ಮಾಡಿದ್ದೇನೆ, ಈಗ 'ನೀವು' ಅಂತ ಬರೆಯಲು ಹೋದರೆ ಕೈ ತಡೆಯುತ್ತೆ.

ಮೊದಲು ಆ ಅಳುತ್ತಿದ್ದ ಅಕ್ಕನ ವಿಷಯ. ಇಂಜಿನಿಯರಿಂಗ್ ಪ್ರಶ್ನೆ ಅಪ್ಪನದು, ಟೀಚರ್ ಪ್ರಶ್ನೆ ಮಾವನದು. 'ನನ್ನ ಗತಿ ಏನು' ಅನ್ನೋದೊಂದೇ ನಿನ್ನದು.

ನಾನೂ ಅತ್ತಿದ್ದೇನೆ. ಸೋಮವಾರಪೇಟೆ ಕಡೆಯ ಹಳ್ಳಿಯಿಂದ ಮೈಸೂರಿಗೆ ಹೋಗಿ ಬಿಎಸ್ಸಿ ಸೇರಿದವಳು ನಾನು. ಪಿಯುಸಿಯಲ್ಲಿ ಗಣಿತಕ್ಕೆ 98. ಊರಲ್ಲಿ ಮಕ್ಕಳಿಗೆ ಬೈಯುವಾಗ ನನ್ನ ಹೆಸರು ಹೇಳುತ್ತಿದ್ದರು, ಅಷ್ಟು ದೊಡ್ಡ ಹೆಸರು. ಮೊದಲ ಟೆಸ್ಟಿನಲ್ಲಿ 25ಕ್ಕೆ 4 ಬಂತು. ಸೊನ್ನೆ ಬಂದಿದ್ದರೆ ಪತ್ರಿಕೆ ಅದಲುಬದಲಾಗಿದೆ ಅಂದುಕೊಳ್ಳಬಹುದಿತ್ತು. 4 ಅಂದರೆ ನನ್ನದೇ. ಒಂದು ಪ್ರಶ್ನೆಗೆ ಎರಡು ಪುಟ ಬರೆದು, ಕೊನೆಗೆ ಬಂದ ಉತ್ತರದ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಬೇರೆ ಎಳೆದಿದ್ದೆ. ಆ ಎರಡು ಪುಟದ ಪಕ್ಕದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಮಾತು: 'ಯಾಕೆ?' ನನಗೆ ಸಿಟ್ಟು ಬಂತು. ಯಾಕೆ ಅಂದರೆ ಏನು ಯಾಕೆ? ಪುಸ್ತಕದಲ್ಲಿ ಹಾಗೇ ಇದೆ, ಉತ್ತರವೂ ಸರಿ ಇದೆ, ಇನ್ನೇನು ಬೇಕಂತೆ ಇವರಿಗೆ?

ಅವರಿಗೆ ಬೇಕಾಗಿದ್ದದ್ದು ನನಗೆ ಗೊತ್ತಾಗಲು ಸುಮಾರು ಒಂದು ವರ್ಷ ಹಿಡಿಯಿತು. ಪಿಯುಸಿವರೆಗೆ ನಾವು ಗಣಿತ ಅಂತ ಮಾಡೋದು ಲೆಕ್ಕ ಬಿಡಿಸೋ ಕೆಲಸ. ಸೂತ್ರ ಕೊಡುತ್ತಾರೆ, ನಾವು ಸಂಖ್ಯೆ ಹಾಕುತ್ತೇವೆ, ಉತ್ತರ ಬರುತ್ತೆ. ಡಿಗ್ರಿಯಲ್ಲಿ ಆ ಸೂತ್ರ ಸರಿ ಅಂತ ಯಾರು ಹೇಳಿದರು, ಎಲ್ಲಿಯವರೆಗೆ ಸರಿ, ಎಲ್ಲಿ ಕೈಕೊಡುತ್ತೆ ಅಂತ ನೋಡೋ ಕೆಲಸ. ಹೆಸರು ಮಾತ್ರ ಎರಡಕ್ಕೂ ಒಂದೇ. ಹಾಗಾಗಿ ಪಿಯುಸಿಯ 97 ನಿನಗೆ ಕೈ ಚುರುಕಿದೆ, ಶ್ರದ್ಧೆ ಇದೆ ಅಂತ ಹೇಳುತ್ತೆ. ಎರಡನೇ ಕೆಲಸ ನಿನಗೆ ಇಷ್ಟ ಆಗುತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಆ ಅಕ್ಕನ 95ಕ್ಕೂ ಗೊತ್ತಿರಲಿಲ್ಲ.

ಬರೀ ಮಾತಲ್ಲಿ ಹೇಳಿದರೆ ಏನೂ ಅರ್ಥ ಆಗಲ್ಲ, ಒಂದು ಲೆಕ್ಕ ನೋಡೋಣ. ನಾಪೋಕ್ಲಿನವರಿಗೆ ಹಾಕಿ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬಗಳ ತಂಡ ಇದ್ದವು, ಈಗ 300 ದಾಟಿವೆ. ಒಂದು ವರ್ಷ 360 ತಂಡ ಬಂದಿವೆ ಅಂತಿಟ್ಟುಕೋ. ಎಲ್ಲ ನಾಕೌಟ್, ಸೋತವರು ಮನೆಗೆ. ಡ್ರಾ ಇಲ್ಲ, ಮೂರನೇ ಸ್ಥಾನಕ್ಕೆ ಪಂದ್ಯ ಇಲ್ಲ. ಒಟ್ಟು ಎಷ್ಟು ಪಂದ್ಯ ಆಡಿಸಬೇಕು?

ಪಿಯುಸಿ ಹುಡುಗಿ ಪೆನ್ನು ತಗೊಳ್ತಾಳೆ. ಮೊದಲ ಸುತ್ತು 180, ಆಮೇಲೆ 90, ಆಮೇಲೆ 45. ಈಗ 45 ತಂಡ ಉಳಿದವು, ಬೆಸ ಸಂಖ್ಯೆ, ಒಂದಕ್ಕೆ ಬೈ, ಅಂದರೆ ಆ ತಂಡ ಆಡದೆಯೇ ಮುಂದಿನ ಸುತ್ತಿಗೆ, 22 ಪಂದ್ಯ. 23 ಉಳಿದವು, ಮತ್ತೆ ಒಂದಕ್ಕೆ ಬೈ, 11 ಪಂದ್ಯ. ಆಮೇಲೆ 6, 3, 1, 1. ಕೂಡಿದರೆ 359. ಸರಿಯಾದ ಉತ್ತರ, ಪೂರ್ತಿ ಮಾರ್ಕ್ಸ್.

ಇನ್ನೊಬ್ಬಳು ಪೆನ್ನೇ ಮುಟ್ಟಲ್ಲ. ಒಂದು ಪಂದ್ಯ ನಡೆದರೆ ಒಂದು ತಂಡ ಮನೆಗೆ ಹೋಗುತ್ತೆ, ಜಾಸ್ತಿಯೂ ಇಲ್ಲ ಕಮ್ಮಿಯೂ ಇಲ್ಲ. ಕೊನೆಗೆ ಒಂದು ತಂಡ ಉಳಿಯಬೇಕು ಅಂದರೆ 359 ತಂಡ ಮನೆಗೆ ಹೋಗಬೇಕು. ಹಾಗಾದರೆ 359 ಪಂದ್ಯ. ಮುಗೀತು.

ಉತ್ತರ ಎರಡರದ್ದೂ ಒಂದೇ. ಆದರೆ ಎರಡನೆಯವಳಿಗೆ 360 ಬೇಕಾಗಿಯೇ ಇರಲಿಲ್ಲ ನೋಡು. ಎಷ್ಟೇ ತಂಡ ಇರಲಿ, ಬೈ ಯಾರಿಗೇ ಕೊಡಲಿ, ಯಾರ ಮೇಲೆ ಯಾರು ಅನ್ನೋ ಚೀಟಿಯನ್ನು ಹೇಗೇ ಎತ್ತಲಿ, ತಂಡಗಳಿಗಿಂತ ಪಂದ್ಯ ಒಂದು ಕಮ್ಮಿ. ಮೊದಲನೆಯವಳಿಗೆ 361 ಕೊಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಈಗ ನಿನ್ನನ್ನೇ ಕೇಳ್ಕೋ: ಎರಡನೇ ದಾರಿ ಓದಿದಾಗ ಮೈ ಜುಂ ಅಂತಾ, ಇಲ್ಲ 'ಓ ಸರಿ' ಅಂತ ಮುಂದಿನ ಸಾಲಿಗೆ ಹೋದೆಯಾ? ಜುಂ ಅಂದಿದ್ದರೆ ಪೂರ್ತಿ ಓದು. ಅನ್ನದಿದ್ದರೂ ಅವಮಾನ ಏನಿಲ್ಲ, ಆದರೆ ಮೂರು ವರ್ಷ ಇದನ್ನೇ ಮಾಡೋದು ಬಹಳ ಉದ್ದ ಅನ್ನಿಸೀತು.

ಎಲ್ಲ ಇಷ್ಟು ಸುಲಭವಾಗಿದ್ದರೆ ಯಾರೂ ಅಳುತ್ತಿರಲಿಲ್ಲ. ಅಳಿಸೋದು ರಿಯಲ್ ಅನಾಲಿಸಿಸ್ ಅನ್ನೋ ಪೇಪರ್. ಅದರಲ್ಲೂ ಲಿಮಿಟ್. ನೀನು ಪಿಯುಸಿಯಲ್ಲಿ ಲಿಮಿಟ್ ಲೆಕ್ಕ ಬೇಕಾದಷ್ಟು ಮಾಡಿದ್ದೀಯ. 1, 1/2, 1/3, 1/4 ಅಂತ ಹೋದರೆ ಲಿಮಿಟ್ ಎಷ್ಟು? ಸೊನ್ನೆ. ಯಾಕೆ? ಹೋಗ್ತಾ ಹೋಗ್ತಾ ಸೊನ್ನೆಗೆ ಹತ್ತಿರ ಆಗುತ್ತೆ. ನಾನೂ ಹೀಗೇ ಬರೆದಿದ್ದೆ, ಅದಕ್ಕೇ ಆ ಕೆಂಪು 'ಯಾಕೆ'.

ಈಗ ಇದನ್ನು ನೋಡು: 2, ಒಂದೂವರೆ, 1 ಮತ್ತು 1/3, ಒಂದೂಕಾಲು, ಹೀಗೆ. ಇದೂ ಪ್ರತಿ ಹೆಜ್ಜೆಗೂ ಸೊನ್ನೆಗೆ ಹತ್ತಿರ ಹತ್ತಿರ ಬರ್ತಾನೇ ಇದೆ, ಅಲ್ವಾ? ಆದರೆ ಇದು ಯಾವತ್ತೂ 1ರ ಈಚೆಗೆ ಬರಲ್ಲ, ಇದರ ಲಿಮಿಟ್ 1. ಹಾಗಾದರೆ 'ಹತ್ತಿರ ಆಗುತ್ತೆ' ಅನ್ನೋ ಮಾತಿಗೆ ಬೆಲೆ ಏನು ಉಳಿಯಿತು?

ಅದಕ್ಕೇ ಗಣಿತದವರು ಅದನ್ನು ಒಂದು ಜಗಳದ ಹಾಗೆ ಬರೆದುಕೊಂಡರು. ನೀನು ಒಂದು ಅಂತರ ಹೇಳು, ಎಷ್ಟು ಸಣ್ಣದಾದರೂ ಸರಿ. ನೂರರಲ್ಲಿ ಒಂದು ಪಾಲು ಅಂತೀಯಾ? ನೂರನೇ ಸಂಖ್ಯೆ ದಾಟಿದ ಮೇಲೆ ಎಲ್ಲವೂ ಆ ಅಂತರದ ಒಳಗೇ ಇರುತ್ತವೆ ಅಂತ ನಾನು ತೋರಿಸ್ತೀನಿ. ಲಕ್ಷದಲ್ಲಿ ಒಂದು ಪಾಲು? ಲಕ್ಷ ದಾಟಿದ ಮೇಲೆ. ನೀನು ಎಷ್ಟೇ ಹಟ ಮಾಡಿದರೂ ನನ್ನ ಹತ್ತಿರ ಉತ್ತರ ಇದ್ದೇ ಇರುತ್ತೆ ಅಂತಾದರೆ ಆಗ ಮಾತ್ರ ಲಿಮಿಟ್ ಸೊನ್ನೆ. ಎರಡನೇ ಸಾಲಿನಲ್ಲಿ ನೀನು 'ಅರ್ಧದೊಳಗೆ ತೋರಿಸು' ಅಂದರೆ ನನಗೆ ಅಲ್ಲೇ ಬಾಯಿ ಕಟ್ಟುತ್ತೆ. ಇಷ್ಟೇ ವಿಷಯ. ಇದನ್ನೇ ಎಪ್ಸಿಲಾನ್ ಗಿಪ್ಸಿಲಾನ್ ಅಂತ ಗ್ರೀಕ್ ಅಕ್ಷರದಲ್ಲಿ ಬರೆದಾಗ ಕಣ್ಣು ಕತ್ತಲೆ ಬರುತ್ತೆ.

ಇನ್ನೊಂದು ಮಾತು ಆ ಅಕ್ಕನಿಗೆ ಹೇಳು. ನ್ಯೂಟನ್, ಲೈಬ್ನಿಟ್ಸ್ ಕ್ಯಾಲ್ಕುಲಸ್ ಕಟ್ಟಿದ್ದು 17ನೇ ಶತಮಾನದಲ್ಲಿ. ಲಿಮಿಟ್ ಅಂದರೆ ಏನು ಅಂತ ಫ್ರಾನ್ಸಿನ ಗಣಿತಜ್ಞ ಕೋಶಿ ಒಂದು ದಾರಿಗೆ ತಂದದ್ದು 1821ರಲ್ಲಿ, ಈಗ ನಾವು ಬರೆಯೋ ರೂಪ ಬಂದಿದ್ದು ಅದಕ್ಕೂ ಆಮೇಲೆ, ಜರ್ಮನಿಯ ವೈಯರ್‌ಸ್ಟ್ರಾಸ್ ಕಾಲಕ್ಕೆ. ಅಂಥವರಿಗೇ ಒಂದೂವರೆ ಶತಮಾನ ಹಿಡಿದದ್ದನ್ನು ಇವಳು ಆರು ವಾರದಲ್ಲಿ, ಅದೂ ಮಧ್ಯೆ ಮಳೆ ರಜೆ ಬಂದು ಅರ್ಧ ಕ್ಲಾಸ್ ಹಾರಿಹೋದ ಸೆಮಿಸ್ಟರಿನಲ್ಲಿ ಅರಗಿಸಿಕೊಳ್ಳಬೇಕು ಅಂದರೆ ಅಳು ಬರದೆ ಇನ್ನೇನು.

ದೊಡ್ಡವರೂ ಎಡವಿದ್ದಾರೆ. ನಮ್ಮ ಮಹಾವೀರಾಚಾರ್ಯರು, 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದವರು, ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಆಗಲೇ ಸ್ಪಷ್ಟವಾಗಿ ಬರೆದಿದ್ದಾರೆ. ಅವರೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂತಲೂ ಬರೆದಿದ್ದಾರೆ. ಈ ಎರಡನೇ ಮಾತಿನ ಪಕ್ಕದಲ್ಲಿ ನನ್ನ ಮೇಷ್ಟ್ರು ಖಂಡಿತ ಕೆಂಪು ಶಾಯಿ ಹಾಕುತ್ತಿದ್ದರು.

ಇನ್ನು ಕನ್ನಡ ಮಾಧ್ಯಮದ ಭಯ. ಪಿಯುಸಿ ಎರಡು ವರ್ಷ ಇಂಗ್ಲಿಷಿನಲ್ಲೇ ಓದಿದ್ದೀಯ ತಾನೇ? ಗಣಿತದ ಇಂಗ್ಲಿಷ್ ಕತೆ ಪುಸ್ತಕದ ಇಂಗ್ಲಿಷಿಗಿಂತ ಬಹಳ ಚಿಕ್ಕದು. ಲೆಟ್, ಸಪೋಸ್, ಫಾರ್ ಎವರಿ, ದೇರ್ ಎಕ್ಸಿಸ್ಟ್ಸ್, ಸಚ್ ದಟ್, ಹೆನ್ಸ್, ಇಫ್ ಅಂಡ್ ಓನ್ಲಿ ಇಫ್, ಹೀಗೆ ನಲವತ್ತು ಐವತ್ತು ಮಾತು. ಅವೇ ಸುತ್ತಿ ಸುತ್ತಿ ಬರುತ್ತವೆ. ಕಷ್ಟ ಇರೋದು ಆ ಮಾತುಗಳ ಕ್ರಮದಲ್ಲಿ, ಅದು ಕಾನ್ವೆಂಟಿನಲ್ಲಿ ಓದಿದವರಿಗೂ ಅಷ್ಟೇ ಕಷ್ಟ.

ತೋಟದ ಕೆಲಸ, ಲೆಕ್ಕ ನೋಡಿಕೊಳ್ಳೋ ರೈಟರ್ ಇದ್ದಾರಲ್ಲ, ಅವರನ್ನೇ ತಗೋ. 'ಪ್ರತಿ ತೋಟಕ್ಕೂ ಒಬ್ಬ ರೈಟರ್ ಇದ್ದಾನೆ.' 'ಒಬ್ಬ ರೈಟರ್ ಇದ್ದಾನೆ, ಪ್ರತಿ ತೋಟಕ್ಕೂ ಅವನೇ.' ಎರಡರಲ್ಲೂ ಹೆಚ್ಚುಕಮ್ಮಿ ಅದೇ ಪದಗಳು. ಮೊದಲನೆಯದರಲ್ಲಿ ತೋಟಕ್ಕೊಬ್ಬ. ಎರಡನೆಯದರಲ್ಲಿ ಪಾಪ ಒಬ್ಬನೇ ಮನುಷ್ಯ ಭಾಗಮಂಡಲದಿಂದ ಸಿದ್ದಾಪುರದವರೆಗೆ ಓಡಾಡಬೇಕು. ಎರಡನೆಯದು ನಿಜ ಆದರೆ ಮೊದಲನೆಯದೂ ನಿಜ, ತಿರುಗಿಸಿದರೆ ಆಗಲ್ಲ. ಇದು ಗೊತ್ತಾಯಿತು ಅಂದರೆ ಕಂಟಿನ್ಯುಯಿಟಿಗೂ ಯೂನಿಫಾರ್ಮ್ ಕಂಟಿನ್ಯುಯಿಟಿಗೂ ಇರೋ ವ್ಯತ್ಯಾಸ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಡೆಲ್ಟಾ ಅಂದರೆ ಎಷ್ಟು ಹತ್ತಿರ ನಿಂತರೆ ಸಾಕು ಅನ್ನೋ ಅಂತರ. ಮೊದಲನೆಯದರಲ್ಲಿ ಜಾಗ ಜಾಗಕ್ಕೆ ಬೇರೆ ಬೇರೆ ಡೆಲ್ಟಾ ಇರಬಹುದು, ಎರಡನೆಯದರಲ್ಲಿ ಎಲ್ಲ ಜಾಗಕ್ಕೂ ಒಂದೇ ಡೆಲ್ಟಾ ಸಾಕಾಗಬೇಕು. ನನ್ನ ಕ್ಲಾಸಿನಲ್ಲಿ ಇದನ್ನು ಮೊದಲು ಹಿಡಿದವಳು ಇಂಗ್ಲಿಷಿನಲ್ಲಿ ಒಂದು ವಾಕ್ಯ ನೆಟ್ಟಗೆ ಆಡಲು ಬಾರದ ಹುಡುಗಿ. ಮನೆಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಬರುತ್ತಿದ್ದಳು. ನೀನೂ ಹಾಗೇ ಮಾಡು. ಪರೀಕ್ಷೆಯಲ್ಲಿ ಇಂಗ್ಲಿಷ್, ತಲೆಯೊಳಗೆ ಯಾವ ಭಾಷೆಯಾದರೂ ಆಗುತ್ತೆ, ಮನೆಯಲ್ಲಿ ಕೊಡವ ತಕ್ಕ್ ಆಡುತ್ತೀಯಾದರೆ ಅದೂ ಆಗುತ್ತೆ.

ಮೂರು ವರ್ಷದಲ್ಲಿ ಏನೇನು ಬರುತ್ತೆ ಅಂದರೆ, ಶುರುವಿನಲ್ಲಿ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸ್ವಲ್ಪ ನಂಬರ್ ಥಿಯರಿ. ಆಮೇಲೆ ಅನಾಲಿಸಿಸ್, ಗ್ರೂಪ್ ಥಿಯರಿ, ಡಿಫರೆನ್ಷಿಯಲ್ ಈಕ್ವೇಷನ್. ಕೊನೆಗೆ ರಿಂಗ್, ಲೀನಿಯರ್ ಆಲ್ಜೀಬ್ರಾ, ಕಾಂಪ್ಲೆಕ್ಸ್ ಅನಾಲಿಸಿಸ್, ನ್ಯೂಮೆರಿಕಲ್ ಮೆಥಡ್ಸ್. ಕ್ರಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಆಚೀಚೆ ಆಗುತ್ತೆ. ಗಣಿತಕ್ಕೂ ಲ್ಯಾಬ್ ಇರುತ್ತೆ, ಮ್ಯಾಕ್ಸಿಮಾ, ಸೈಲ್ಯಾಬ್, ಪೈಥಾನ್ ಅಂತ ಪುಕ್ಕಟೆ ಸಿಗೋ ಸಾಫ್ಟ್‌ವೇರ್‌ಗಳಲ್ಲಿ. ತುಂಬ ಜನ ಲ್ಯಾಬ್ ರೆಕಾರ್ಡನ್ನು ಪಕ್ಕದವರಿಂದ ಇಳಿಸಿ ಕೊಡುತ್ತಾರೆ, ಆಮೇಲೆ ಕೆಲಸ ಹುಡುಕುವಾಗ ಪೈಥಾನ್ ಕ್ಲಾಸಿಗೆ ದುಡ್ಡು ಕೊಟ್ಟು ಸೇರುತ್ತಾರೆ. ಇದಂತೂ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ನಮ್ಮ ರಾಜ್ಯ 2024–25ರಿಂದ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೆ. ಗಣಿತದ ಜೊತೆ ಇನ್ನೆರಡು ವಿಷಯ ತಗೋಬೇಕು. ಫಿಸಿಕ್ಸ್, ಕೆಮಿಸ್ಟ್ರಿ ಜೊತೆಗಿನ ಹಳೆಯ ಪಿಸಿಎಂ ಹೆಚ್ಚಿನ ಕಡೆ ಸಿಗುತ್ತೆ. ನನ್ನ ಕೇಳಿದರೆ ಕೆಮಿಸ್ಟ್ರಿ ಮೇಲೆ ತುಂಬ ಪ್ರೀತಿ ಇಲ್ಲದಿದ್ದರೆ ಅದರ ಜಾಗಕ್ಕೆ ಸ್ಟ್ಯಾಟಿಸ್ಟಿಕ್ಸ್ ತಗೋ, ಕಾಲೇಜಿನಲ್ಲಿ ಅದಿಲ್ಲದಿದ್ದರೆ ಕಂಪ್ಯೂಟರ್ ಸೈನ್ಸ್.

ಸ್ಟ್ಯಾಟಿಸ್ಟಿಕ್ಸ್ ಯಾಕೆ ಅಂದರೆ ನಿಮ್ಮ ಮನೆ ಅಂಗಳದಲ್ಲೇ ಅದು ಪ್ರತಿ ವರ್ಷ ನಡೆಯುತ್ತೆ. ಒಣಗಿದ ರೊಬಸ್ಟಾ ಚೆರಿ ಮಾರುವಾಗ ವ್ಯಾಪಾರಿ ಏನು ಮಾಡುತ್ತಾರೆ? ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ, 50 ಕೆ.ಜಿ. ಮೂಟೆಗೆ ಔಟ್‌ಟರ್ನ್, ಅಂದರೆ ಸಿಗೋ ಬೇಳೆ, 26, 27 ಕೆ.ಜಿ. ಅಂತ ಹೇಳುತ್ತಾರೆ. ಆ ಒಂದು ಪಾಯಿಂಟಿಗೆ ಎಷ್ಟು ಜಗಳ ಆಗುತ್ತೆ ಅಂತ ಅಪ್ಪನನ್ನು ಕೇಳು. ಮೂಟೆಯ ಮೇಲಿಂದ ಒಂದು ಹಿಡಿ ತೆಗೆದರೆ ಸಾಕಾ? ಎಷ್ಟು ಮೂಟೆಯಿಂದ ತೆಗೆದರೆ ನಂಬಬಹುದು? ಸ್ಯಾಂಪಲನ್ನು ಎರಡರಷ್ಟು ತೆಗೆದರೆ ತಪ್ಪು ಅರ್ಧಕ್ಕೆ ಇಳಿಯುತ್ತೆ ಅಂತ ನಮಗೆಲ್ಲ ಅನ್ನಿಸುತ್ತೆ, ಆದರೆ ಅರ್ಧಕ್ಕೆ ಇಳಿಸಲು ನಾಲ್ಕರಷ್ಟು ತೆಗೆಯಬೇಕು. ಯಾಕೆ ನಾಲ್ಕು, ಯಾಕೆ ಎರಡಲ್ಲ ಅನ್ನೋದು ಡಿಗ್ರಿಯಲ್ಲಿ ಗೊತ್ತಾಗುತ್ತೆ. ಬ್ಯಾಂಕು, ಇನ್ಶೂರೆನ್ಸ್, ಔಷಧಿ ಕಂಪನಿ ಎಲ್ಲರೂ ಸಂಬಳ ಕೊಟ್ಟು ಜನ ಇಟ್ಟುಕೊಳ್ಳೋದು ಇಂಥ ಪ್ರಶ್ನೆಗಳಿಗೇ.

ಮಾವನಿಗೆ ಇದೇ ಅರ್ಧ ಉತ್ತರ. ಇನ್ನರ್ಧ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ: ಟೀಚರ್ ಆಗೋದರಲ್ಲಿ ಏನು ಕಮ್ಮಿ? ಅದೇ ಕೆಲಸ ನನಗೆ ಅನ್ನ ಹಾಕಿದೆ, ಮನೆ ಕಟ್ಟಿಸಿದೆ. ಆದರೆ ಬರೀ ಬಿಎಸ್ಸಿಗೆ ಟೀಚರ್ ಕೆಲಸವೂ ಇಲ್ಲ, ಇದನ್ನು ಮುಚ್ಚಿಡಬಾರದು. ಹೈಸ್ಕೂಲಿಗೆ ಮೇಲೆ ಎರಡು ವರ್ಷ ಬಿಎಡ್ ಬೇಕು, ಪಿಯು ಕಾಲೇಜಿಗೆ ಎಂಎಸ್ಸಿಯೂ ಬಿಎಡ್ಡೂ, ಡಿಗ್ರಿ ಕಾಲೇಜಿಗೆ ಎಂಎಸ್ಸಿ ಮೇಲೆ ನೆಟ್ ಅಥವಾ ಕೆಸೆಟ್ ಅನ್ನೋ ಅರ್ಹತಾ ಪರೀಕ್ಷೆ. ಟೀಚರ್ ಆಗೋದೇ ಅಂತ ಈಗಲೇ ಮನಸ್ಸು ಮಾಡಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್ಸಿ, ಬಿಎಡ್ ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸ್ ಇದೆ, ಒಂದು ವರ್ಷ ಉಳಿಯುತ್ತೆ. ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಜಿಲ್ಲೆಯ ಮಕ್ಕಳು ಅದರ ಹೆಸರೇ ಕೇಳಿರಲ್ಲ, ನನಗೆ ಅದೇ ಬೇಸರ.

ಅಪ್ಪನ ಮಾತನ್ನು ಮಾತ್ರ ಹಗುರವಾಗಿ ತಗೋಬೇಡ. ಒಂದು ವರ್ಷ ಕಾಫಿಗೆ ರೇಟು ಇರುತ್ತೆ, ಮುಂದಿನ ವರ್ಷ ಮಳೆ ಹಿಡಿದು ಕೊಳೆರೋಗ ಬಂದು ಕಾಯಿ ಉದುರುತ್ತೆ, ಇನ್ನೊಂದು ವರ್ಷ ಹೂಮಳೆಯೇ ಕೈಕೊಡುತ್ತೆ. ಹೀಗೆ ಬದುಕಿದವರಿಗೆ ಮಗಳಿಗಾದರೂ ತಿಂಗಳು ತಿಂಗಳು ಸಂಬಳ ಬರಲಿ ಅಂತ ಅನ್ನಿಸದೆ ಇರುತ್ತಾ? ಅವರ ಲೆಕ್ಕ ಸರಿ ಇದೆ: ಇಂಜಿನಿಯರಿಂಗ್ ನಾಲ್ಕು ವರ್ಷಕ್ಕೆ ಮುಗಿಯುತ್ತೆ, ನಿನ್ನದು ಐದು ವರ್ಷ, ಅದೂ ಎಂಎಸ್ಸಿಯೋ ಎಂಸಿಎಯೋ ಬಿಎಡ್ಡೋ ಸೇರಿಸಿ. ಮನೆಯಲ್ಲಿ ಸಾಲ ಇದ್ದು ನಾಲ್ಕನೇ ವರ್ಷಕ್ಕೆ ನಿನ್ನ ಸಂಬಳ ಬರಲೇಬೇಕು ಅನ್ನೋ ಪರಿಸ್ಥಿತಿ ಇದ್ದರೆ, ಒಳ್ಳೆಯ ಕಾಲೇಜಿನಲ್ಲಿ ಸಿಇಟಿ ಮೇಲೆ ಸೀಟು ಸಿಕ್ಕಿದ್ದರೆ, ಸುಮ್ನೆ ಹೋಗು ಅಂತಲೇ ನಾನು ಹೇಳೋದು. ಕಂಪ್ಯೂಟರ್ ಸೈನ್ಸ್ ಓದುತ್ತಲೇ ಗಣಿತ ಓದಿಕೊಂಡವರು ಬಹಳ ಜನ ಇದ್ದಾರೆ. ಆದರೆ ಸೀಟು ಸಿಗದೆ, ಹೆಸರು ಕೇಳದ ಕಾಲೇಜಿಗೆ ತೋಟದ ಮೇಲೆ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷ ಲಕ್ಷ ಸುರಿಯೋದಕ್ಕಿಂತ ಸರ್ಕಾರಿ ಕಾಲೇಜಿನ ಬಿಎಸ್ಸಿ ಎಷ್ಟೋ ವಾಸಿ. ಅಪ್ಪನ ಹತ್ತಿರ ಕೂತು ಈ ದುಡ್ಡಿನ ಮಾತನ್ನು ಬಾಯಿಬಿಟ್ಟು ಆಡು. 'ನನಗೆ ಗಣಿತ ಇಷ್ಟ' ಅಂತ ಅಂದರೆ ಅವರಿಗೆ ಏನೂ ಕೇಳಿಸಲ್ಲ. 'ಐದು ವರ್ಷಕ್ಕೆ ಇಷ್ಟು ಖರ್ಚು, ಆಮೇಲೆ ಇಂಥ ಇಂಥ ದಾರಿ' ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸು.

ಮಡಿಕೇರಿಯೋ ಮೈಸೂರೋ? ಗಣಿತಕ್ಕೇ ಅಂತ ಹೆಸರಾದ ಜಾಗಗಳನ್ನು ಮೊದಲು ಹೇಳಿಬಿಡುತ್ತೇನೆ. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಬಿ.ಮ್ಯಾಥ್ ಅಂತ ಗಣಿತದ್ದೇ ಡಿಗ್ರಿ ಇದೆ, ಓದುವವರಿಗೆ ಅವರೇ ಸ್ಟೈಪೆಂಡ್ ಕೊಡುತ್ತಾರೆ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಸೇರಿದ ಬಿಎಸ್ಸಿ ಆನರ್ಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಬಿಎಸ್, ಅದರಲ್ಲಿ ಗಣಿತವನ್ನೇ ಮೇಜರ್ ಮಾಡಿಕೊಳ್ಳಬಹುದು. ಐಸರ್ ಅನ್ನೋ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಿವೆ. ಎಲ್ಲದಕ್ಕೂ ಪ್ರವೇಶ ಪರೀಕ್ಷೆ, ಅರ್ಜಿ ಎಲ್ಲ ಪಿಯುಸಿ ಓದುವಾಗಲೇ ಹಾಕಬೇಕು. ನೀನು ಹಾಕಿಲ್ಲ ಅಂತ ಕಾಣುತ್ತೆ. ಹಾಗಂತ ಒಂದು ವರ್ಷ ಮನೆಯಲ್ಲಿ ಕೂರು ಅಂತ ಹೇಳಲ್ಲ. ಡಿಗ್ರಿ ಸೇರಿಕೊ, ಆಸೆ ಇದ್ದರೆ ಮುಂದಿನ ವರ್ಷ ಯಾವುದಕ್ಕೆ ಕೂರಲು ಬಿಡುತ್ತಾರೆ ಅಂತ ನೋಡಿಕೊಂಡು ಬರೆ.

ಅಲ್ಲೆಲ್ಲ ಸೀಟು ಸಿಗದಿದ್ದರೂ ಬಾಗಿಲು ಮುಚ್ಚಲ್ಲ, ಮೂರು ವರ್ಷದ ಮೇಲೆ ಇನ್ನೊಂದು ಬಾಗಿಲು ಇದೆ. ಜ್ಯಾಮ್ ಅಂತ ಒಂದು ಪರೀಕ್ಷೆ, ಫೆಬ್ರವರಿಯಲ್ಲಿ ನಡೆಯುತ್ತೆ. ಅದರಲ್ಲಿ ಒಳ್ಳೆ ರ‍್ಯಾಂಕ್ ಬಂದರೆ ಐಐಟಿಗಳಲ್ಲಿ ಎಂಎಸ್ಸಿ. ಅಲ್ಲಿ ನೀನು ಮಡಿಕೇರಿಯಿಂದ ಬಂದೆಯೋ ದೆಹಲಿಯಿಂದ ಬಂದೆಯೋ ಯಾರೂ ಕೇಳಲ್ಲ.

ಹಾಗಾಗಿ ಮಡಿಕೇರಿ ಸಾಕಾ ಅಂದರೆ, ಸಾಕು. ಆದರೆ ಒಂದು ಷರತ್ತು. 2023ರಲ್ಲಿ ಕೊಡಗಿಗೇ ಅಂತ ವಿಶ್ವವಿದ್ಯಾಲಯವೂ ಶುರುವಾಯಿತು, ಚಿಕ್ಕ ಅಳುವಾರದಲ್ಲಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಲ್ಲೆಲ್ಲ ಕಾಲೇಜುಗಳಿವೆ. ಮನೆ ಊಟ, ಬಸ್ ಪಾಸ್, ಖರ್ಚು ಕಮ್ಮಿ. ಕಮ್ಮಿ ಇರೋದು ಏನಂದರೆ ಜೊತೆ. ಮೈಸೂರಿನ ಹಾಸ್ಟೆಲಿನಲ್ಲಿ ರಾತ್ರಿ ಹತ್ತಕ್ಕೆ 'ಈ ಲೆಮ್ಮಾ (ದೊಡ್ಡ ಥಿಯರಂಗೆ ಮೆಟ್ಟಿಲಾಗೋ ಸಣ್ಣ ಥಿಯರಂ) ಹೇಗೆ' ಅಂತ ಪಕ್ಕದ ಕೋಣೆ ಬಾಗಿಲು ತಟ್ಟಬಹುದು. ಇಲ್ಲಿ ಸಂಜೆ ನಾಲ್ಕೂವರೆಗೆ ಬಸ್ ಹತ್ತಿ ಎಲ್ಲರೂ ಒಂದೊಂದು ದಿಕ್ಕಿಗೆ. ಗಣಿತವನ್ನು ಒಬ್ಬಳೇ ಓದಿದರೆ ತಪ್ಪು ಎಲ್ಲಿ ಅಂತ ಗೊತ್ತಾಗಲ್ಲ. ತನ್ನ ತಪ್ಪು ತನಗೆ ಕಾಣಲ್ಲ, ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳುವಾಗ ಅರ್ಧ ದಾರಿಯಲ್ಲಿ ನಾಲಿಗೆ ಸಿಕ್ಕಿಕೊಳ್ಳುತ್ತೆ ನೋಡು, ತಪ್ಪು ಇರೋದು ಅಲ್ಲೇ. ಹಾಗಾಗಿ ಸೇರಿದ ಮೊದಲ ತಿಂಗಳೇ ಒಬ್ಬ ಗೆಳತಿಯನ್ನು ಹಿಡಿ. ಒಬ್ಬಳು ಸಾಕು. ವಾರಕ್ಕೆ ಎರಡು ದಿನ ಕ್ಲಾಸ್ ಮುಗಿದ ಮೇಲೆ ಮುಂದಿನ ಬಸ್ಸಿನವರೆಗೆ ಕೂತು ಒಬ್ಬರಿಗೊಬ್ಬರು ಬೋರ್ಡಿನ ಮೇಲೆ ಬರೆದು ಹೇಳಿ.

ಇನ್ನೊಂದು, ಎಂಟಿಟಿಎಸ್. ಕುಮರೇಶನ್ ಅನ್ನೋ ಗಣಿತದ ಮೇಷ್ಟ್ರು 1993ರಲ್ಲಿ ಶುರು ಮಾಡಿದ ಬೇಸಿಗೆ ಶಿಬಿರ, ದೇಶದ ಬೇರೆ ಬೇರೆ ಕಡೆ ನಡೆಯುತ್ತೆ, ಡಿಗ್ರಿ ಓದುವವರಿಗೇ ಅಂತ. ನಾಲ್ಕು ವಾರ ಅಲ್ಲಿ ಪಾಠಕ್ಕಿಂತ ಪ್ರಶ್ನೆ ಜಾಸ್ತಿ. ನನ್ನ ವಿದ್ಯಾರ್ಥಿನಿ ಒಬ್ಬಳು ಹೋಗಿ ಬಂದ ಮೇಲೆ ನನ್ನ ಕ್ಲಾಸಿನಲ್ಲಿ ಕೈ ಎತ್ತಿ 'ಮೇಡಂ, ಈ ಕಂಡೀಷನ್ ಯಾಕೆ ಬೇಕು' ಅಂತ ಕೇಳಲು ಶುರು ಮಾಡಿದಳು. ನಾನು ಆ ಸಂಜೆ ಮನೆಗೆ ಹೋಗಿ ಪುಸ್ತಕ ತೆಗೆದೆ, ಯಾಕೆಂದರೆ ನನಗೂ ಸರಿಯಾಗಿ ನೆನಪಿರಲಿಲ್ಲ.

ಓದೋ ರೀತಿಯೂ ಅದೇ. ಥಿಯರಂ ಬಾಯಿಪಾಠ ಮಾಡಿದರೆ ಪಾಸ್ ಆಗಬಹುದು, ಫಸ್ಟ್ ಕ್ಲಾಸೂ ಬರಬಹುದು, ನಮ್ಮ ಪ್ರಶ್ನೆಪತ್ರಿಕೆಗಳು ಹಾಗಿರುತ್ತವೆ. ಐದು ವರ್ಷದ ಹಳೆ ಪತ್ರಿಕೆ ತಿರುವಿದರೆ ಮುಂದಿನದು ಕಣ್ಣಿಗೆ ಕಟ್ಟುತ್ತೆ. ಆದರೆ ಜ್ಯಾಮ್‌ಗೆ ಕೂತ ದಿನ ಆ ಬಾಯಿಪಾಠ ಒಂದಿಷ್ಟೂ ಕೆಲಸಕ್ಕೆ ಬರಲ್ಲ. ಅದರ ಬದಲು ಪ್ರತಿ ಥಿಯರಂನಿಂದ ಒಂದು ಷರತ್ತನ್ನು ಕಿತ್ತು ನೋಡು, ಏನು ಬೀಳುತ್ತೆ ಅಂತ. ಮುಚ್ಚಿದ, ಅಂದರೆ ಎರಡೂ ತುದಿ ಸೇರಿದ, ಇಂಟರ್ವಲ್ ಮೇಲೆ ಕಂಟಿನ್ಯುಯಸ್ ಫಂಕ್ಷನ್‌ಗೆ ಗರಿಷ್ಠ ಬೆಲೆ ಇದ್ದೇ ಇರುತ್ತೆ ಅಂತ ಒಂದು ಥಿಯರಂ ಬರುತ್ತೆ. 'ಮುಚ್ಚಿದ' ಅನ್ನೋ ಪದ ತೆಗೆ. 0ಯಿಂದ 1ರವರೆಗೆ, 1 ಮಾತ್ರ ಸೇರಿಲ್ಲ ಅಂತಿಟ್ಟುಕೋ. ಫಂಕ್ಷನ್ ಸುಲಭದ್ದು, ಯಾವ ಸಂಖ್ಯೆ ಕೊಟ್ಟರೆ ಅದನ್ನೇ ವಾಪಸ್ ಕೊಡೋದು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದು? 0.9 ಅಂದರೆ 0.99 ಇದೆ, ಅದನ್ನು ಹೇಳಿದರೆ 0.999 ಇದೆ. ದೊಡ್ಡದು ಅನ್ನೋದೇ ಇಲ್ಲ. ಬೇಲಿಯ ಕೊನೆ ಗೂಟ ಒಂದನ್ನು ಕಿತ್ತದ್ದಕ್ಕೆ ಇಡೀ ಥಿಯರಂ ಓಡಿಹೋಯಿತು. ಹೀಗೆ ನೀನೇ ಕಿತ್ತು ನೋಡಿದ ಗೂಟ ಮತ್ತೆ ಮರೆಯಲ್ಲ.

ವೇಗದ ಬಗ್ಗೆಯೂ ಹೇಳಬೇಕು. ಪಿಯುಸಿಯಲ್ಲಿ ಒಂದು ಲೆಕ್ಕಕ್ಕೆ ಐದು ನಿಮಿಷ ಮೀರಿದರೆ ಗಾಬರಿ ಆಗುತ್ತಿತ್ತು, ಅಲ್ವಾ? ಇಲ್ಲಿ ಒಂದು ಲೆಕ್ಕ ಐದು ದಿನ ತಗೊಂಡರೂ ಏನೂ ಆಗಿಲ್ಲ. ಎರಡನೇ ವರ್ಷದಲ್ಲಿ ನಾನು ಒಂದು ವಾರ ಕಷ್ಟಪಟ್ಟು ಒಂದು ಪ್ರೂಫ್ ಬರೆದೆ, ಎಂಟನೇ ದಿನ ಮೂರನೇ ಸಾಲೇ ತಪ್ಪು ಅಂತ ಕಂಡಿತು. ಅಳು ಬರಲಿಲ್ಲ ಆಗ. ನಗು ಬಂತು. ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲದೆ, ನೆಟ್‌ವರ್ಕ್ ಇಲ್ಲದೆ, ಡಿಸಿ ರಜೆ ಕೊಟ್ಟು, ಹೊರಗೆ ಒಂದೇ ಸಮನೆ ಸುರಿಯುತ್ತಿರುವಾಗ ಮಾಡಲು ಇದಕ್ಕಿಂತ ಒಳ್ಳೆ ಕೆಲಸ ನನಗೆ ಗೊತ್ತಿಲ್ಲ.

ಸೇರುವ ಮೊದಲು ನಿನ್ನನ್ನು ನೀನೇ ನೋಡಿಕೊಳ್ಳಲು ಒಂದು ಪ್ರಶ್ನೆ ಕೊಡುತ್ತೇನೆ. ಒಂದು ಮದುವೆ ಮನೆ, ಯಾವುದಾದರೂ ಆರು ಜನರನ್ನು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸು. ಪರಿಚಯ ಅಂದರೆ ಎರಡೂ ಕಡೆಯಿಂದ ಪರಿಚಯ ಅಂತ ಲೆಕ್ಕ. ಆ ಆರು ಜನರಲ್ಲಿ ಒಬ್ಬರಿಗೊಬ್ಬರು ಪರಿಚಯ ಇರುವ ಮೂವರು ಸಿಗುತ್ತಾರೆ, ಇಲ್ಲದಿದ್ದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಮೂವರು ಸಿಗುತ್ತಾರೆ, ಎರಡರಲ್ಲಿ ಒಂದಂತೂ ಖಂಡಿತ. ನಮ್ಮ ಕಡೆಯ ಮದುವೆಯಲ್ಲಿ ಪರಿಚಯ ಇಲ್ಲದ ಮೂವರನ್ನು ಹುಡುಕೋದೇ ಕಷ್ಟ, ಅದು ಬೇರೆ ಮಾತು. ಯಾವ ಆರು ಜನ ಆದರೂ ಹೀಗೇ ಆಗುತ್ತೆ ಅಂತ ತೋರಿಸು. ಸೂತ್ರ ಏನೂ ಬೇಡ, ಆರು ಚುಕ್ಕಿ ಇಟ್ಟು ಗೆರೆ ಎಳೆದರೆ ಸಾಕು. ಫೋನಿನಲ್ಲಿ ಹುಡುಕಬೇಡ. ಮೂರು ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡು. ಉತ್ತರ ಬರದಿದ್ದರೂ ಪರವಾಗಿಲ್ಲ, ಮೂರನೇ ದಿನ ಪಾತ್ರೆ ತೊಳೆಯುವಾಗಲೂ ಅದೇ ನೆನಪಾಗುತ್ತಿದ್ದರೆ ಅರ್ಜಿ ಹಾಕು. ಆಮೇಲೆ, ಐದೇ ಜನ ಇದ್ದರೆ ಈ ಮಾತು ಯಾಕೆ ನಿಲ್ಲಲ್ಲ ಅಂತಲೂ ಒಂದು ಚಿತ್ರ ಬರೆದು ನೋಡು.

ಹಾಕಿ ಲೆಕ್ಕವನ್ನು ಅಪ್ಪನಿಗೆ ಕೊಡು. ಎರಡನೇ ದಾರಿಯನ್ನು ಅವರು ನಿನಗಿಂತ ಮೊದಲು ಹೇಳಿದರೆ ಆಶ್ಚರ್ಯಪಡಬೇಡ.